ಹಳೆಯ ಹಾಡು ತೆರೆಯಬೇಕು

ತಂಗೀ, ಕಮಲಾಪುರದಿಂದ ನೀನು ಕಳಿಸಿದ ತಂಬೂರಿ ಪ್ಲಗಿನ್ ಕೇಳಿದೆ. ಜವಾರಿ ಬಿಚ್ಚಿಕೊಳ್ಳುವ ಪರಿಗೆ ಭಲೇ ಅನ್ನಬೇಕು. ಆದರೆ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಒಟ್ಟಿಗೇ ತರುತ್ತೇನೆ ಅಂದಿಯಲ್ಲ, ಅದಕ್ಕೆ ಈ ನಾಲ್ಕು ಮಾತು.

ಪ್ಲಗಿನ್ ಅಂದರೆ ಬಾಡಿಗೆ ಮನೆಯ ಸಂಸಾರ. ಮಾಲೀಕನ, ಅಂದರೆ ಪ್ಲಗಿನ್ ಓಡಿಸುವ ಹೋಸ್ಟ್ ತಂತ್ರಾಂಶದ, ಕಟ್ಟಳೆ ಮನೆಗೊಂದು. 1996ರಲ್ಲಿ ಸ್ಟೈನ್‌ಬರ್ಗ್ ತಂದ ವಿಎಸ್‌ಟಿ ಬಹಳ ಕಡೆ ನಡೆಯುತ್ತದೆ; ಲಾಜಿಕ್ ಆಡಿಯೊ ಯೂನಿಟ್ ಬಿಟ್ಟು ಬೇರೆಯದನ್ನು ಒಳಗೆ ಬಿಡದು; ಪ್ರೊ ಟೂಲ್ಸ್‌ಗೆ ಎಎಎಕ್ಸೇ ಬೇಕು. ಜ್ಯೂಸ್ ಅನ್ನುವ ಫ್ರೇಮ್‌ವರ್ಕ್ ಬಳಸಿದರೆ ಒಂದೇ ಕೋಡ್‌ನಿಂದ ಇವೆಲ್ಲ ಹುಟ್ಟುತ್ತವೆ, ನಿಜ. ಹೋಸ್ಟ್‌ಗಳ ಸ್ವಭಾವ ಮಾತ್ರ ಬದಲಾಗದು. ಎಫ್‌ಎಲ್ ಸ್ಟುಡಿಯೊ ಪ್ರತಿ ಸಲ ಒಂದೇ ಅಳತೆಯ ಬಫರ್, ಅಂದರೆ ಧ್ವನಿಯ ತುಂಡು, ಕೊಡುತ್ತದೆಂದು ನಂಬಿ ಕೂಡಬೇಡ.

48,000 ಸ್ಯಾಂಪಲ್ ದರದಲ್ಲಿ 128ರ ಬಫರ್ ಅಂದರೆ ನಿನಗೆ ಸಿಗುವುದು 2.67 ಮಿಲಿಸೆಕೆಂಡ್. ಅಷ್ಟರೊಳಗೆ ಮೆಮೊರಿ ಕೇಳುವುದು, ಫೈಲ್ ತೆರೆಯುವುದು, ಲಾಕ್‌ಗಾಗಿ ಕಾಯುವುದು ಯಾವುದೂ ಕೂಡದು. ತಂಬೂರಿಗೆ ಇನ್ನೊಂದು ಕಾಟವಿದೆ. ತಂತಿಯ ನಾದ ಆರುತ್ತಾ ಹೋದಂತೆ ಲೆಕ್ಕದೊಳಗಿನ ಸಂಖ್ಯೆಗಳು ಸೊನ್ನೆಯ ಅಂಚಿಗೆ ಬರುತ್ತವೆ, ಪೂರ್ತಿ ಸೊನ್ನೆಯಾಗವು. ಈ ಡಿನಾರ್ಮಲ್‌ಗಳು ಸಿಕ್ಕರೆ ಅನೇಕ ಇಂಟೆಲ್ ಪ್ರೊಸೆಸರ್‌ಗಳು ತೀರಾ ನಿಧಾನಿಸುತ್ತವೆ. ಕಿವಿಗೆ ಏನೂ ಕೇಳಿಸದು, ಸಿಪಿಯು ಮೀಟರ್ ಏರುತ್ತಲೇ ಇರುತ್ತದೆ! ಅವನ್ನು ಸೊನ್ನೆಯೆಂದೇ ಎಣಿಸು ಅನ್ನುವ ಬಿಟ್ ಇಂಟೆಲ್‌ನಲ್ಲಿ ಒಂದು ಕಡೆ, 2020ರಲ್ಲಿ ಬಂದ ಆಪಲ್ ಎಂ1ರಲ್ಲಿ ಇನ್ನೊಂದು ಕಡೆ. ಜ್ಯೂಸ್‌ನ ಸ್ಕೋಪ್ಡ್‌ನೋಡಿನಾರ್ಮಲ್ಸ್ ಎರಡನ್ನೂ ನೋಡಿಕೊಳ್ಳುತ್ತದೆ. ಪ್ರತಿ ಬಫರ್‌ಗೂ ಓಡುವ ಪ್ರೊಸೆಸ್‌ಬ್ಲಾಕ್‌ನ ಮೊದಲ ಸಾಲೇ ಅದಾಗಲಿ.

ಗುಂಡಿಗಳ ಮೇಲೆ ಕನ್ನಡ ಬರೆದಿದ್ದೀ, ಸಂತೋಷ. 2024ರ ಜ್ಯೂಸ್ 8ಕ್ಕೆ ಬಾ. ಅಲ್ಲಿ ಹಾರ್ಫ್‌ಬಜ್ ಇರುವುದರಿಂದ ಒತ್ತಕ್ಷರಗಳು ಎಲ್ಲ ಕಡೆ ಒಂದೇ ತರಹ ಕೂಡುತ್ತವೆ. ಫಾಂಟನ್ನು ಪ್ಲಗಿನ್ ಒಳಗೇ ಇಡು.

ಮೊದಲು ವಿಂಡೋಸ್ ಒಂದನ್ನೇ ಹಿಡಿ. ಕಲಬುರಗಿಯಲ್ಲಿ ತತ್ವಪದ, ಭಜನೆ ಧ್ವನಿಮುದ್ರಿಸುವ ಸಣ್ಣ ಸ್ಟುಡಿಯೊದಲ್ಲಿ ಹಳೇ ಲ್ಯಾಪ್‌ಟಾಪ್ ಇದ್ದರೆ ಕೇಳಿ ಪಡೆದು ಅದರಲ್ಲಿ ಓಡಿಸು, ಅದೂ ಮೇ ತಿಂಗಳ ಮಧ್ಯಾಹ್ನ. ನಮ್ಮೂರ ಬಿಸಿಲಿಗೆ ಯಂತ್ರ ಕಾದು ತನ್ನ ವೇಗ ತಾನೇ ಇಳಿಸಿಕೊಂಡಾಗ ನಿನ್ನ ಕೋಡ್‌ನ ಬಣ್ಣ ಬಯಲಾಗುತ್ತದೆ. ಮ್ಯಾಕ್‌ಗೆ ವರ್ಷಕ್ಕೆ 99 ಡಾಲರ್ ಕಟ್ಟಿ ಸಹಿ, ನೋಟರೈಸೇಷನ್ ಮಾಡಿಸಬೇಕು. ಮ್ಯಾಕ್ ಇಲ್ಲದಿದ್ದರೂ ಗಿಟ್‌ಹಬ್‌ನಲ್ಲಿ ಬಿಲ್ಡ್ ಆಗುತ್ತದೆ, ಆದರೆ ಕಿವಿಯಿಂದ ಕೇಳದೆ ಯಾರಿಗೂ ಕೊಡಬೇಡ.

ಈ ತಾಪತ್ರಯಗಳನ್ನೆಲ್ಲ ಮುಂದಿನ ಆವೃತ್ತಿಯಲ್ಲಿ ಸರಿಪಡಿಸಬಹುದು. ಒಂದೊಂದು ಗುಂಡಿಯನ್ನೂ ಹೋಸ್ಟ್ ಗುರುತಿಸುವ ಪ್ಯಾರಾಮೀಟರ್ ಐಡಿ ಹಾಗಲ್ಲ. ಶ್ರುತಿಯ ಗುಂಡಿಗೆ ಇಂದು ಕೊಟ್ಟ ಐಡಿಯನ್ನು ಚೆಂದ ಕಾಣಲೆಂದು ನಾಳೆ ಬದಲಿಸಿದರೆ, ಯಾರೋ ಎರಡು ವರ್ಷದ ಹಿಂದೆ ಉಳಿಸಿಟ್ಟ ಹಾಡು ತೆರೆದಾಗ ಗುಂಡಿ ತನ್ನ ಜಾಗದಲ್ಲಿರುವುದಿಲ್ಲ. ಗಾಯಕ ಒಂದು ಶ್ರುತಿ, ತಂಬೂರಿ ಇನ್ನೊಂದು. ಅವರು ನಿನಗೆ ಪತ್ರ ಬರೆಯುವವರಲ್ಲವ್ವಾ, ಸುಮ್ಮನೆ ಪ್ಲಗಿನ್ ತೆಗೆದುಹಾಕುತ್ತಾರೆ. ಹೆಸರು ಬೇಕಾದರೆ ಬದಲಿಸು, ಐಡಿ ಮುಟ್ಟಬೇಡ. ಮೊದಲ ಆವೃತ್ತಿಯಲ್ಲಿ ಮಾಡಿದ ಒಂದೆರಡು ಪ್ರಾಜೆಕ್ಟ್ ಫೈಲ್ ಈಗಲೇ ಎತ್ತಿಡು. ಪ್ರತಿ ಹೊಸ ಬಿಲ್ಡ್‌ನಲ್ಲೂ ಅವನ್ನು ತೆರೆದು, ಶ್ರುತಿ ಕೇಳಿ, ಆಮೇಲೆ ಹೊರಗೆ ಬಿಡು.