ನಮ್ಮ ಕೈಯಿಂದಲೂ ಒಂದು ಜೀವ ಉಳಿಯಬಹುದು



ಹೋದ ವರ್ಷ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ನಮ್ಮ ದೊಡ್ಡಪ್ಪ ಬ್ಯಾರನ್ ಮುಂದೆ ಕುಸಿದು ಬಿದ್ದರು. ಹತ್ತು ಜನ ಓಡಿ ಬಂದರು. ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು, ಒಬ್ಬರು ಅಂಗಾಲು ಉಜ್ಜಿದರು, ಒಬ್ಬರು ಕೈಗೆ ಬೀಗದ ಕೈ ಕೊಟ್ಟರು. ನಾನು ನೀರಿನ ಚೊಂಬು ಹಿಡಿದು ನಿಂತಿದ್ದೆ. ಗಾಡಿ ಸಿಗುವಷ್ಟರಲ್ಲಿ ಅರ್ಧ ಗಂಟೆ ಆಯ್ತು. ಆಸ್ಪತ್ರೆಯಲ್ಲಿ ಡಾಕ್ಟರು, "ಯಾರಾದ್ರೂ ಎದೆ ಒತ್ತಿದ್ರಾ?" ಅಂತ ಕೇಳಿದರು. ಯಾರೂ ಒತ್ತಿರಲಿಲ್ಲ. ಯಾರಿಗೂ ಗೊತ್ತೇ ಇರಲಿಲ್ಲ. ದೊಡ್ಡಪ್ಪ ತೀರಿಕೊಂಡಿದ್ದರು.

ಅದಕ್ಕೇ ಈ ಪಾಠ ಬರೆದಿದ್ದೇನೆ. ಇದನ್ನು ಆರೋಗ್ಯ ಕೇಂದ್ರದ ನರ್ಸಮ್ಮ ನನಗೆ ಹೇಳಿಕೊಟ್ಟರು. ಇದಕ್ಕೆ ಸಿಪಿಆರ್ ಎನ್ನುತ್ತಾರೆ.

ಏಕೆ ಒತ್ತಬೇಕು?
ಹೃದಯ ನಿಂತರೆ ಮೆದುಳಿಗೆ ರಕ್ತ ಹೋಗುವುದಿಲ್ಲ. 4-5 ನಿಮಿಷದಲ್ಲೇ ಮೆದುಳು ಕೆಡಲು ಶುರುವಾಗುತ್ತದೆ. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿ.ಮೀ. ಎಚ್.ಡಿ. ಕೋಟೆಯ ಹಾಡಿಗಳಿಂದ ಇನ್ನೂ ದೂರ. ಎದೆ ಒತ್ತಿದರೆ ನಮ್ಮ ಕೈಯೇ ಹೃದಯದ ಕೆಲಸ ಸ್ವಲ್ಪ ಮಾಡುತ್ತದೆ.

ಮಾಡುವ ಕ್ರಮ
1. ಭುಜ ತಟ್ಟಿ ಜೋರಾಗಿ ಕೂಗಿ. ಮಾತಿಲ್ಲ, ಉಸಿರೂ ಇಲ್ಲ ಅಥವಾ ಆಗೊಮ್ಮೆ ಈಗೊಮ್ಮೆ ಗೊರಕೆಯಂತೆ ಎಳೆಯುತ್ತಿದ್ದಾರೆ ಎಂದರೆ ತಡಮಾಡಬೇಡಿ.
2. ಒಬ್ಬರಿಗೆ 108ಕ್ಕೆ ಫೋನ್ ಮಾಡಲು ಹೇಳಿ.
3. ಮಂಚದ ಮೇಲೆ ಬೇಡ, ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ.
4. ಎದೆಯ ನಡುವೆ ಅಂಗೈ ಬುಡ ಇಟ್ಟು, ಅದರ ಮೇಲೆ ಇನ್ನೊಂದು ಕೈ ಇಡಿ. ಮೊಣಕೈ ಮಡಚಬಾರದು.
5. ದೊಡ್ಡವರಿಗೆ 5ರಿಂದ 6 ಸೆಂ.ಮೀ. ಆಳ ಒತ್ತಿ. ಎಷ್ಟು ಅಂತ ನಿಮ್ಮ ಸ್ಕೇಲಿನಲ್ಲೇ ನೋಡಿ! ಒತ್ತಿದ ಮೇಲೆ ಎದೆ ಪೂರ್ತಿ ಮೇಲೆ ಬರಲು ಬಿಡಿ.
6. ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಕಲಿತವರು 30 ಸಲ ಒತ್ತಿ 2 ಸಲ ಬಾಯಿಂದ ಉಸಿರು ಕೊಡಬೇಕು. ಕಲಿಯದವರು ಒತ್ತುತ್ತಲೇ ಇರಬೇಕು.
7. ಸುಸ್ತಾಗುತ್ತದೆ. 2 ನಿಮಿಷಕ್ಕೊಮ್ಮೆ ಆಳು ಬದಲಾಗಿ.

ನೆನಪಿಡಿ
ಪಂಪ್‌ಸೆಟ್ ಶಾಕ್ ಹೊಡೆದವರನ್ನು ಮುಟ್ಟುವ ಮೊದಲು ಕರೆಂಟ್ ತೆಗೆಸಿ. ಕೆ.ಆರ್. ನಗರದಲ್ಲಿ ಕಾವೇರಿ, ಕೋಟೆಯಲ್ಲಿ ಕಬಿನಿ, ನಮ್ಮಲ್ಲಿ ಲಕ್ಷ್ಮಣತೀರ್ಥ ಇವೆ. ನೀರಿನಲ್ಲಿ ಮುಳುಗಿದವರನ್ನು ತಲೆಕೆಳಗು ಮಾಡಿ ಹೊಟ್ಟೆ ಅದುಮುತ್ತಾ ಹೊತ್ತು ಕಳೆಯಬಾರದು. ಅವರಿಗೆ ಉಸಿರು ಕೊಡುವುದು ಬಹಳ ಮುಖ್ಯ. ಚೆನ್ನಾಗಿರುವವರ ಎದೆ ಒತ್ತಿ ಆಟ ಆಡಬಾರದು. ಅಭ್ಯಾಸಕ್ಕೆ ಗೊಂಬೆಯೇ ಬೇಕು.

ಮಕ್ಕಳಿಂದ ಆಗುತ್ತದೆಯೇ?
ಆಗುತ್ತದೆ. 13-14 ವರ್ಷದವರು ದೊಡ್ಡವರಷ್ಟೇ ಚೆನ್ನಾಗಿ ಒತ್ತಬಲ್ಲರೆಂದು ಪರೀಕ್ಷೆ ಮಾಡಿ ನೋಡಿದ್ದಾರೆ. 12 ವರ್ಷದಿಂದ ಶಾಲೆಯಲ್ಲಿ ವರ್ಷಕ್ಕೆ 2 ಗಂಟೆ ಇದನ್ನು ಕಲಿಸಬೇಕೆಂಬ ಸಲಹೆಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಒಪ್ಪಿಗೆ ಕೊಟ್ಟಿದೆ. ನಮ್ಮ ಅಪ್ಪು, ಪುನೀತ್ ರಾಜ್‌ಕುಮಾರ್, 2021ರ ಅಕ್ಟೋಬರ್ 29ರಂದು ಹೃದಯದ ತೊಂದರೆಯಿಂದ ತೀರಿಕೊಂಡಾಗ ಅವರಿಗೆ ಬರೀ 46 ವರ್ಷ. ಅವರ ಹೆಸರಿನಲ್ಲಿ ಸರ್ಕಾರದ ಹೃದಯ ಜ್ಯೋತಿ ಯೋಜನೆ ಇದೆ. ಆದರೆ ಆಸ್ಪತ್ರೆ ಮುಟ್ಟುವವರೆಗೆ ಹತ್ತಿರ ಇರುವವರು ನಾವೇ ಅಲ್ಲವೇ?

ಒತ್ತಿದವರೆಲ್ಲ ಬದುಕುತ್ತಾರೆ ಎಂದಲ್ಲ ಅಂತ ನರ್ಸಮ್ಮ ಹೇಳಿದರು. ಒತ್ತದಿದ್ದರೆ ಆ ಆಸೆಯೂ ಇರುವುದಿಲ್ಲ.

ಗುರುಗಳೇ, ದಯವಿಟ್ಟು ನರ್ಸಮ್ಮನನ್ನು ಶಾಲೆಗೆ ಒಂದು ದಿನ ಕರೆಸಿ. ಇನ್ನೊಂದು ಸಲ ನಾನು ಚೊಂಬು ಹಿಡಿದು ನಿಲ್ಲಬಾರದು.

7ನೇ ತರಗತಿ