‘ಯಾರ ಮುಂದೂ ಹೇಳಬ್ಯಾಡ್ರಿ’ ಅಂದ ಹುಡುಗಿ

ಪ್ರಶ್ನೆ: ನಾನು ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ. ಇಂಟರ್ನ್‌ಶಿಪ್‌ಗೆಂದು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಸರ್ಕಾರಿ ಶಾಲೆಗಳಿಗೆ ಹೋಗುತ್ತಿದ್ದೇನೆ. ಸೋಮವಾರ ಚಿಕ್ಕೋಡಿ, ಮಂಗಳವಾರ ನಿಪ್ಪಾಣಿ, ಆಮೇಲೆ ರಾಯಬಾಗ, ಅಥಣಿ, ಕಾಗವಾಡ, ಹೀಗೆ ದಿನಕ್ಕೊಂದು ತಾಲ್ಲೂಕು. ಕಬ್ಬಿನ ಹಂಗಾಮು ನಡೆದಿದೆ, ಟ್ರ್ಯಾಕ್ಟರ್‌ಗಳ ಹಿಂದೆ ಬಸ್ಸು ತೆವಳುತ್ತದೆ. ಮುಟ್ಟುವ ಹೊತ್ತಿಗೆ ಪ್ರಾರ್ಥನೆ ಮುಗಿದಿರುತ್ತದೆ. ಬಿಸಿಯೂಟದ ಅಕ್ಕಿ ಚೀಲ ಇಟ್ಟ ಖೋಲಿಯೇ ನನ್ನ ಕೊಠಡಿ. ಯಾವ ಮಾಸ್ತರು ರಜೆ ಹಾಕಿದರೂ ಆ ಪೀರಿಯಡ್ ನನಗೆ. ಗಲಾಟೆ ಮಾಡಿದ ಹುಡುಗರನ್ನು ‘ಸ್ವಲ್ಪ ಬುದ್ಧಿ ಹೇಳ್ರಿ’ ಎಂದು ಕಳಿಸುತ್ತಾರೆ, ಆಮೇಲೆ ‘ಏನಂದ?’ ಎಂದು ಕೇಳುತ್ತಾರೆ. ಆರನೇ ತರಗತಿಯ ಒಬ್ಬ ಹುಡುಗನಿಗೆ ಕನ್ನಡ ಓದಲು ಬರುವುದಿಲ್ಲ. ಮನೆಯಲ್ಲಿ ಮರಾಠಿ. ಅವನಿಗೆ ಬುದ್ಧಿಮಾಂದ್ಯ ಎಂದು ಬರೆದು ಕೊಡಿ ಅನ್ನುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ‘ಮೇಡಂ, ಮಾಯಕ್ಕನ ಜಾತ್ರಿ ಮುಗದ ಮ್ಯಾಲ ಮಾವನ ಕೂಡ ನನ್ನ ಲಗ್ನ ಗಟ್ಟಿ ಮಾಡ್ಯಾರ. ಯಾರ ಮುಂದೂ ಹೇಳಬ್ಯಾಡ್ರಿ, ಆಣಿ ಮಾಡ್ರಿ’ ಎಂದಳು. ಆಣೆ ಮಾಡಿಬಿಟ್ಟೆ. ಅವತ್ತಿನಿಂದ ನಿದ್ದೆ ಇಲ್ಲ. ಕಾಲೇಜಿನ ಗೈಡ್ ಫೋನಿಗೆ ಸಿಗುವುದು ಹದಿನೈದು ದಿನಕ್ಕೊಮ್ಮೆ. ಬಿಟ್ಟು ಬಂದುಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ಆ ಹುಡುಗಿಯ ಹೆಸರಿತ್ತು, ಶಾಲೆಯ ಹೆಸರೂ ಇತ್ತು. ಎರಡನ್ನೂ ತೆಗೆದು ಅಚ್ಚಿಗೆ ಕೊಟ್ಟಿದ್ದೇವೆ. ಇನ್ನು ಮುಂದೆ ಯಾರಿಗೆ ಬರೆದರೂ, ನಿಮ್ಮ ಡೈರಿಯಲ್ಲಿ ಬರೆದುಕೊಂಡರೂ ಮಗುವಿನ ಹೆಸರು ಬೇಡ. ಡೈರಿ ಬಸ್ಸಿನಲ್ಲಿ ಮರೆತು ಹೋಗುವ ವಸ್ತು.

ಹುಡುಗಿಯ ವಿಷಯವನ್ನು ಪತ್ರ ಸಿಕ್ಕ ದಿನವೇ ಫೋನಿನಲ್ಲಿ ನಿಮಗೆ ಹೇಳಿದ್ದೇನೆ. ಇಂಥ ಮಾತು ಮುಂದಿನ ಸಂಚಿಕೆಯವರೆಗೆ ಕಾಯುವುದಲ್ಲ. ಇಲ್ಲಿ ಮತ್ತೆ ಬರೆಯುವುದು ನಿಮ್ಮ ಹಾಗೆ ಶಾಲೆಗಳಲ್ಲಿ ಕೂತಿರುವ ಉಳಿದವರಿಗಾಗಿ.

ನೀವು ಆಣೆ ಮಾಡಿದ್ದು ಪ್ರೀತಿಯಿಂದಲೇ. ಎದುರಿಗೆ ಮಗು ಅಳುತ್ತಿರುವಾಗ ‘ಇಲ್ಲವ್ವ, ಯಾರಿಗೂ ಹೇಳುವುದಿಲ್ಲ’ ಎಂಬ ಮಾತು ತಾನಾಗಿಯೇ ಬಾಯಿಗೆ ಬರುತ್ತದೆ. ಆದರೆ ಆ ಮಾತು ಕೊಡುವ ಅಧಿಕಾರ ನಮಗಿಲ್ಲ. ಗುಟ್ಟು ಕಾಯುವುದು ನಮ್ಮ ಕಸುಬಿನ ಧರ್ಮ ನಿಜ, ಆದರೆ ಮಗುವಿಗೆ ಅಪಾಯ ಇದೆ ಎಂದು ಗೊತ್ತಾದ ಕ್ಷಣಕ್ಕೆ ಅದರ ಗಡಿ ಮುಗಿಯುತ್ತದೆ. ಇದನ್ನು ಮಗು ಬಾಯಿ ತೆರೆಯುವ ಮೊದಲೇ ಹೇಳಬೇಕು, ಅದೂ ಅವರ ಮಾತಿನಲ್ಲೇ: ‘ನೀ ಹೇಳಿದ್ದ ನಾ ಯಾರ ಮುಂದೂ ಆಡಂಗಿಲ್ಲ. ಆದರ ನಿನಗ ಏನರ ಕೆಟ್ಟ ಆಗೂ ಹಂಗ ಇದ್ರ, ನಿನ್ನ ಕಾಯಾಕ ಒಬ್ಬರಿಗಿ ಹೇಳಬೇಕಾಗ್ತದ. ಹೇಳೂಕಿಂತ ಮೊದಲ ನಿನಗ ಹೇಳ್ತೀನಿ.’ ಇಷ್ಟು ಹೇಳಿದರೆ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ ಎಂಬ ಭಯ ಬೇಡ. ನಾನು ಕಂಡಂತೆ, ಹೆಚ್ಚಿನವರು ಒಂದು ನಿಮಿಷ ಸುಮ್ಮನಿದ್ದು ಆಮೇಲೆ ಹೇಳುತ್ತಾರೆ. ಯಾರಾದರೂ ಏನಾದರೂ ಮಾಡಲಿ ಎಂದೇ ಅವರು ನಿಮ್ಮ ಖೋಲಿಗೆ ಬಂದಿರುತ್ತಾರೆ.

ಈಗ ಆಗಬೇಕಾದದ್ದು: ಮೊದಲು ಹುಡುಗಿಯ ಹತ್ತಿರ ಹೋಗಿ. ಆಣೆ ಮಾಡಿದ್ದು ನನ್ನ ತಪ್ಪು, ಅದನ್ನು ನಡೆಸಲಾರೆ ಎಂದು ನೇರವಾಗಿ ಹೇಳಿ ಕ್ಷಮೆ ಕೇಳಿ. ದೊಡ್ಡವರೊಬ್ಬರು ತಪ್ಪು ಒಪ್ಪಿಕೊಳ್ಳುವುದನ್ನು ಆ ಮಗು ಬಹುಶಃ ಮೊದಲ ಸಲ ನೋಡುತ್ತದೆ. ಅದೇ ದಿನ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ನಿಮ್ಮ ಹೆಸರು ಹೇಳಲೇಬೇಕೆಂದಿಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದ ಹುಡುಗಿಯ ಮದುವೆ ಅಪರಾಧ. ಕರ್ನಾಟಕ ಮಾಡಿಕೊಂಡ ತಿದ್ದುಪಡಿಯಂತೆ ಇಲ್ಲಿ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಅದನ್ನು ತಡೆಯುವ ಹೊಣೆ ಹೊತ್ತವರಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಒಬ್ಬರು. ನಿಮ್ಮ ಐದು ತಾಲ್ಲೂಕುಗಳಲ್ಲಿ ಒಂದು ಮಾತು ನೆನಪಿಡಬೇಕು. ಕಾಗವಾಡದಿಂದ ಮೀರಜ್ ದೂರವಿಲ್ಲ, ನಿಪ್ಪಾಣಿಯಿಂದ ಕೊಲ್ಹಾಪುರವೂ ದೂರವಿಲ್ಲ. ಇಲ್ಲಿ ಗುಲ್ಲಾದರೆ ಲಗ್ನವನ್ನು ಗಡಿಯಾಚೆ ಮಾಡಿ ಮುಗಿಸಬಹುದು. ಆದ್ದರಿಂದ ಕರೆ ಮಾಡುವಾಗ ಆ ಸಾಧ್ಯತೆಯನ್ನೂ ಹೇಳಿ. 2006ರ ಕಾಯ್ದೆ ಕೇಂದ್ರದ್ದು, ಗಡಿಯಾಚೆಗೂ ಅದೇ. 1098 ಅಲ್ಲಿಯೂ ಅದೇ ಸಂಖ್ಯೆ.

ಮಗು ಹೇಳಿದ್ದು ಲೈಂಗಿಕ ದೌರ್ಜನ್ಯದ ವಿಷಯವಾದರೆ ಯೋಚಿಸುತ್ತ ಕೂರುವ ಅವಕಾಶವೂ ಇಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ, ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು ಅನ್ನುತ್ತದೆ. ಮುಚ್ಚಿಟ್ಟರೆ ಶಿಕ್ಷೆ ಇದೆ. ಇಂಟರ್ನ್ ಎಂಬ ವಿನಾಯಿತಿ ಅದರಲ್ಲಿಲ್ಲ.

ಇನ್ನು ಕನ್ನಡ ಓದಲು ಬಾರದ ಆ ಹುಡುಗ. ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ನಾನು ತರಬೇತಿಯಲ್ಲಿದ್ದಾಗ ನಿಪ್ಪಾಣಿ ಕಡೆಯ, ಬೀಡಿ ಕಟ್ಟುವವರ ಮನೆಯ ಏಳು ವರ್ಷದ ಹುಡುಗನಿಗೆ ಮನೆಯ ಚಿತ್ರ ಬರೆಯಲು ಕೊಟ್ಟೆ. ಮೊರ ತೊಡೆಯ ಮೇಲಿಟ್ಟುಕೊಂಡು ಕೂತ ಒಂದು ಹೆಂಗಸನ್ನು ಬರೆದ. ಮೊರದಲ್ಲಿ ಎಲೆ, ಪಕ್ಕದಲ್ಲಿ ದಾರದ ಉಂಡೆ. ಯಾರಪ್ಪಾ ಇದು ಅಂದೆ. ‘ಆಯಿ’ ಅಂದ. ನಮ್ಮ ಮನೆಯಲ್ಲಿ ಆಯಿ ಎಂದರೆ ಅಜ್ಜಿ. ಅವ್ವ ಎಲ್ಲಿ ಎಂದು ಕೇಳಿದೆ, ಮಿಕಿಮಿಕಿ ನೋಡಿದ. ‘ತಾಯಿ ಇಲ್ಲ, ಅಜ್ಜಿ ಸಾಕಿದ್ದಾಳೆ’ ಎಂದು ಹಾಳೆಯ ಮೇಲೆ ಬರೆದೆ. ಅಷ್ಟಕ್ಕೆ ಬಿಡದೆ, ನಿಮ್ಮವ್ವ ತೀರಿಕೊಂಡು ಎಷ್ಟು ದಿನ ಆಯಿತು ಎಂದು ಮೆಲ್ಲಗೆ ಕೇಳಿದೆ. ಹುಡುಗ ಹೋ ಎಂದು ಅಳುತ್ತ ಮನೆಗೆ ಓಡಿದ. ಅವನಾಡುತ್ತಿದ್ದದ್ದು ಮರಾಠಿ. ಮರಾಠಿಯಲ್ಲಿ ಆಯಿ ಎಂದರೆ ಅವ್ವ. ಸಂಜೆ ಆ ತಾಯಿ ಬೀಡಿಯ ಮೊರ ಬದಿಗಿಟ್ಟು, ಅಳುವ ಮಗನನ್ನು ಎತ್ತಿಕೊಂಡು ಶಾಲೆಗೆ ಬಂದಳು. ಎರಡೂ ಭಾಷೆ ಆಡುವ ಊರಲ್ಲಿ ಒಂದೇ ಭಾಷೆಯ ಕಿವಿ ಇಟ್ಟುಕೊಂಡು ಕೂತಿದ್ದೆ ನಾನು.

ಈ ಭಾಗದಲ್ಲಿ ಇದು ಹೊಸ ಪಾಠವೂ ಅಲ್ಲ. ಬೆಳಗಾವಿ, ಧಾರವಾಡ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲೇ ವಿ.ವಿ. ಕಾಮತರು ಬಿನೆಯ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗೆ ಹೊಂದಿಸಿ, 1934ರಲ್ಲಿ ಅದರ ವಿವರ ಪ್ರಕಟಿಸಿದರು. ನೀವು ಕಾಲೇಜಿನಲ್ಲಿ ಬಿನೆ–ಕಾಮತ್ ಎಂದು ಓದಿದ್ದು ಇದನ್ನೇ. ಮಗುವಿನ ಭಾಷೆ ಬಿಟ್ಟು ಮಗುವನ್ನು ಅಳೆಯಲಾಗದು ಎಂದು ಅವರಿಗೆ ಆಗಲೇ ಗೊತ್ತಿತ್ತು. ಪ್ಯಾರಿಸ್ಸಿನಲ್ಲಿ ಬಿನೆ 1905ರಲ್ಲಿ ಆ ಪರೀಕ್ಷೆ ಮಾಡಿದ್ದೂ ಯಾವ ಮಗುವಿಗೆ ಹೆಚ್ಚಿನ ನೆರವು ಬೇಕು ಎಂದು ಹುಡುಕಲು, ಹಣೆಯ ಮೇಲೆ ಮೊಹರು ಒತ್ತಲು ಅಲ್ಲ.

ಹಾಗಾಗಿ ‘ಬುದ್ಧಿಮಾಂದ್ಯ’ ಎಂದು ಒಂದಕ್ಷರವೂ ಬರೆದು ಕೊಡಬೇಡಿ. ಆ ಅಧಿಕಾರ ನಿಮಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಗಳಿವೆ, ಬುದ್ಧಿಶಕ್ತಿಯ ಕೊರತೆಯೂ ಕಲಿಕೆಯ ನ್ಯೂನತೆಯೂ ಅದರಲ್ಲಿ ಬೇರೆ ಬೇರೆ. ಪ್ರಮಾಣಪತ್ರ ಕೊಡುವವರು ಸರ್ಕಾರ ಗೊತ್ತುಮಾಡಿದ ವೈದ್ಯಕೀಯ ಅಧಿಕಾರಿಗಳು. ನೀವು ಮಾಡಬಹುದಾದದ್ದು ಬೇರೆ ಇದೆ. ಹುಡುಗನ ಕಣ್ಣು, ಕಿವಿ ಪರೀಕ್ಷೆ ಆಗಿದೆಯೇ ನೋಡಿ. ಶಾಲೆಗೆ ಬರುವ ಆರ್‌ಬಿಎಸ್‌ಕೆ ವೈದ್ಯರ ತಂಡಕ್ಕೆ ತೋರಿಸಬಹುದು. ಒಂದರಿಂದ ಮೂರರವರೆಗೆ ಯಾವ ಮಾಧ್ಯಮದಲ್ಲಿ ಕಲಿತ ಎಂದು ಕೇಳಿ. ಮರಾಠಿ ಬರುವ ಶಿಕ್ಷಕರೊಬ್ಬರನ್ನು ಪಕ್ಕಕ್ಕೆ ಕೂರಿಸಿಕೊಂಡು ಮರಾಠಿ ಪುಸ್ತಕ ಓದಿಸಿ. ಅದನ್ನು ಓದಿದರೆ ಅವನಿಗೆ ಬೇಕಾದದ್ದು ಕನ್ನಡ ಕಲಿಸುವ ಮಾಸ್ತರು, ಡಾಕ್ಟರಲ್ಲ. ಎರಡೂ ಓದದಿದ್ದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ (ಬಿಆರ್‌ಸಿ) ಬಿಐಇಆರ್‌ಟಿ ಶಿಕ್ಷಕರಿಗೆ ತಿಳಿಸಿ. ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವವರು ಅವರು. ಎಷ್ಟೋ ಹೆಡ್ ಮಾಸ್ತರರು ಅವರನ್ನು ನೆನಪಿಸಿಕೊಳ್ಳುವುದೇ ಇಲ್ಲ.

ಹೆಡ್ ಮಾಸ್ತರರು ಕೇಳುವ ‘ಏನಂದ?’ ಎಂಬ ಪ್ರಶ್ನೆಯ ಹಿಂದೆ ಕೆಟ್ಟ ಮನಸ್ಸೇ ಇರಬೇಕೆಂದಿಲ್ಲ. ಶಾಲೆಯ ಹೊಣೆ ಅವರ ಮೇಲಿದೆ. ‘ಹುಡುಗ ಏನ ಹೇಳ್ಯಾನ ಅನ್ನೂದು ಹೇಳಾಕ ಬರೂದಿಲ್ರಿ ಸರ. ಸಾಲ್ಯಾಗ ಏನ ಮಾಡಬೇಕ ಅನ್ನೂದು ಬರದ ಕೊಡ್ತೀನ್ರಿ’ ಎಂದು ಹೇಳಿ, ಅವತ್ತೇ ಎರಡು ಸಾಲು ಬರೆದು ಕೊಡಿ: ಮುಂದಿನ ಬೆಂಚಿಗೆ ಕೂರಿಸಿ, ಎಲ್ಲರೆದುರು ಬೈಯಬೇಡಿ, ಹೀಗೆ. ಕೈಗೆ ಕಾಗದ ಸಿಕ್ಕಿದರೆ ಅವರಿಗೂ ಸಮಾಧಾನವಾಗುತ್ತದೆ. ಗಲಾಟೆ ಮಾಡಿದ ತಕ್ಷಣ ನಿಮ್ಮಲ್ಲಿಗೆ ಕಳಿಸುವುದಕ್ಕೆ ಮಾತ್ರ ಒಪ್ಪಬೇಡಿ. ಶಿಕ್ಷೆಯ ಹಾಗೆ ನಿಮ್ಮ ಖೋಲಿಗೆ ಬಂದ ಮಗು ಮುಂದೆಂದೂ ತಾನಾಗಿ ಆ ಬಾಗಿಲಿಗೆ ಬರುವುದಿಲ್ಲ.

ಖಾಲಿ ಪೀರಿಯಡ್ ಬಗ್ಗೆ ನನ್ನ ಅಭಿಪ್ರಾಯ ನಿಮಗೆ ಹಿಡಿಸಲಿಕ್ಕಿಲ್ಲ. ವಾರಕ್ಕೆ ಒಂದೆರಡು ತೆಗೆದುಕೊಳ್ಳಿ. ನಲವತ್ತು ಮಕ್ಕಳ ನಡುವೆ ಯಾರು ಯಾರ ಪಕ್ಕ ಕೂರುವುದಿಲ್ಲ, ಯಾರು ಕಿಟಕಿ ನೋಡುತ್ತಾರೆ ಎಂಬುದು ಅಕ್ಕಿ ಚೀಲದ ಖೋಲಿಯಲ್ಲಿ ಕಾಣುವುದಿಲ್ಲ. ಅದಕ್ಕಿಂತ ಹೆಚ್ಚು ಬೇಡ.

ಹೆಡ್ ಮಾಸ್ತರರಿಗೂ ಒಂದು ಮಾತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಇರಬೇಕು ಎಂದು ಹೇಳಿದೆ. ಆ ಹುದ್ದೆ ನಿಮ್ಮ ಊರಿಗೆ ಬರುವವರೆಗೆ, ಇಂಟರ್ನ್‌ಶಿಪ್‌ಗೆ ಬಂದಿರುವ ಈ ವಿದ್ಯಾರ್ಥಿನಿಗೆ ಬಾಗಿಲು ಹಾಕಿಕೊಳ್ಳಲು ಬರುವ ಒಂದು ಖೋಲಿ ಕೊಡಿ, ಎರಡು ಕುರ್ಚಿ ಹಾಕಿಸಿ.

ಬಿಡಲೇ ಎಂದು ಕೇಳಿದ್ದೀರಿ. ಶಾಲೆ ಬಿಡಬೇಡಿ. ಒಬ್ಬರೇ ಹೊರುವುದನ್ನು ಬಿಡಿ. ನಿದ್ದೆ ಬಾರದ ರಾತ್ರಿ ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಅದು ನಿಮಗೂ ಇರುವ ಸಂಖ್ಯೆ. ಈ ವಾರವೇ ಕಾಲೇಜಿಗೆ ಬರೆಯಿರಿ: ವಾರಕ್ಕೊಮ್ಮೆ ಒಂದು ಗಂಟೆ ಗೈಡ್ ಸಿಗಬೇಕು, ತುರ್ತಿಗೆ ಒಂದು ಫೋನ್ ನಂಬರ್ ಬೇಕು. ಅದು ಸಿಗುವವರೆಗೆ ಈಗಿರುವ ಮಕ್ಕಳನ್ನು ನೋಡಿ, ಹೊಸ ಮಗುವನ್ನು ಒಪ್ಪಿಕೊಳ್ಳಬೇಡಿ.