ಮಗುವಿನ ಬೊಜ್ಜಿಗೆ ಮನೆಯೇ ಮದ್ದು

ಮೈಕೈ ತುಂಬಿಕೊಂಡ ಮಗುವನ್ನು ಕಂಡು ಹಿಗ್ಗುವುದು ನಮ್ಮ ಜನರ ಹಳೆಯ ವಾಡಿಕೆ. ಬರಗಾಲಗಳನ್ನು ಕಂಡ ನಾಡಿನಲ್ಲಿ ಅದು ಸಹಜವೇ ಆಗಿತ್ತು. ಇಂದಿಗೂ ನಮ್ಮಲ್ಲಿ ಕೃಶರಾದ ಮಕ್ಕಳೇ ಹೆಚ್ಚು. 2016ರಿಂದ 2018ರವರೆಗೆ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ, 10ರಿಂದ 19 ವರ್ಷದವರ ಪೈಕಿ ಶೇಕಡಾ 24 ಮಂದಿ ಕೃಶರಾಗಿಯೂ ಶೇಕಡಾ 5 ಮಂದಿ ಅತಿತೂಕದವರಾಗಿಯೂ ಕಂಡುಬಂದರು. ಈ ಎರಡನೆಯ ಗುಂಪಿನವರು ನಗರಗಳಲ್ಲಿ ಹೆಚ್ಚು. ಬೆಂಗಳೂರಿನ ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳಂತಹ ಬಡಾವಣೆಗಳಲ್ಲಿ ಅನೇಕ ಮಕ್ಕಳಿಗೆ ಶಾಲೆಯ ವಾಹನ ಮನೆಯ ಬಳಿಗೇ ಬರುತ್ತದೆ. ಬೇಕರಿಯೂ ಬೀದಿಯ ತಿರುವಿನಲ್ಲೇ ಉಂಟು. ಆಟದ ಬಯಲು ಮಾತ್ರ ದೂರವಾಗಿದೆ.

ಬೊಜ್ಜು ಕೇವಲ ನೋಟಕ್ಕೆ ಸಂಬಂಧಿಸಿದ ವಿಷಯವಲ್ಲ. ಅದರಿಂದ ಇನ್ಸುಲಿನ್ನಿನ ಕೆಲಸ ಕುಂದುತ್ತದೆ, ಯಕೃತ್ತಿನಲ್ಲಿ ಕೊಬ್ಬು ಶೇಖರವಾಗುತ್ತದೆ, ರಕ್ತದೊತ್ತಡ ಏರುತ್ತದೆ. ನಡುವಯಸ್ಸಿನಲ್ಲಿ ಬರುತ್ತಿದ್ದ ಮಧುಮೇಹವು ಹದಿಹರೆಯದಲ್ಲೇ ತಲೆದೋರುವ ಸಂಭವವೂ ಉಂಟು.

ಬೊಜ್ಜನ್ನು ಅಳೆಯುವ ಬಗೆ ಸರಳವಾದುದು. ಕಿಲೋಗ್ರಾಂಗಳಲ್ಲಿರುವ ತೂಕವನ್ನು, ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ದೇಹರಾಶಿ ಸೂಚ್ಯಂಕ. ವಯಸ್ಕರಿಗೆ ಗೊತ್ತಾದ ಮಿತಿಗಳು ಮಕ್ಕಳಿಗೆ ಹಾಗೆಯೇ ಒಪ್ಪುವುದಿಲ್ಲ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯು 5ರಿಂದ 18 ವರ್ಷದವರಿಗಾಗಿ 2015ರಲ್ಲಿ ಪ್ರಕಟಿಸಿದ ನಕ್ಷೆಗಳಲ್ಲಿ, ಹುಡುಗರಿಗೂ ಹುಡುಗಿಯರಿಗೂ ವಯಸ್ಸಿಗೆ ತಕ್ಕ ರೇಖೆಗಳನ್ನು ಬೇರೆಬೇರೆಯಾಗಿ ಕೊಡಲಾಗಿದೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಹನ್ನೊಂದು ವರ್ಷದ ಹುಡುಗನೊಬ್ಬನ ಎತ್ತರ 140 ಸೆಂಟಿಮೀಟರ್, ತೂಕ 49 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. 1.40ರ ವರ್ಗ 1.96, ಸೂಚ್ಯಂಕ 25. ಆ ವಯಸ್ಸಿಗೆ ಇದು ಬೊಜ್ಜಿನ ರೇಖೆಯನ್ನು ದಾಟಿದ ಸಂಖ್ಯೆ. ವರ್ಷವೊಂದರಲ್ಲಿ ಅವನು 6 ಸೆಂಟಿಮೀಟರ್ ಬೆಳೆದು, ತೂಕ ಮಾತ್ರ 49ರಲ್ಲೇ ನಿಂತಿತೆನ್ನೋಣ. 1.46ರ ವರ್ಗ ಸುಮಾರು 2.13, ಸೂಚ್ಯಂಕ 23ಕ್ಕೆ ಇಳಿಯಿತು! ಒಂದು ಕಿಲೋಗ್ರಾಂ ಕೂಡ ಕಳೆದುಕೊಳ್ಳದೆ ಅವನು ಆರೋಗ್ಯದ ಕಡೆಗೆ ಸಾಗಿದ್ದಾನೆ. ಬೆಳೆಯುವ ಮಗುವಿಗೆ ಕಾಲವೇ ಸಹಾಯಕ. ಆದುದರಿಂದ ಬಹುಪಾಲು ಮಕ್ಕಳಿಗೆ ಉಪವಾಸ ಬೇಕಾಗಿಲ್ಲ. ತೂಕದ ಏರಿಕೆಯನ್ನು ತಡೆದರೆ ಸಾಕಾಗಬಹುದು.

ತಡೆಯುವವರು ಯಾರು? ಸಂತೆಯಿಂದ ಸಾಮಾನು ತರುವವನು ಮಗುವಲ್ಲ. ಅಡುಗೆಯನ್ನೂ ಊಟದ ಹೊತ್ತನ್ನೂ ಮಲಗುವ ಹೊತ್ತನ್ನೂ ನಿಶ್ಚಯಿಸುವವರು ಹಿರಿಯರು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು 6ರಿಂದ 16 ವರ್ಷದ ಮಕ್ಕಳನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಹೊತ್ತು ದೂರದರ್ಶನ ನೋಡುವುದಕ್ಕೂ ಕಡಿಮೆ ನಿದ್ರೆಗೂ ಅತಿತೂಕದೊಡನೆ ಸಂಬಂಧವಿರುವುದು ಗೋಚರಿಸಿತು. ಇವೆರಡೂ ಮನೆಯ ದಿನಚರಿಗೆ ಸೇರಿದ ಸಂಗತಿಗಳೇ ಅಲ್ಲವೇ?

ಈ ತರ್ಕವನ್ನು ಪರೀಕ್ಷೆಗೆ ಒಡ್ಡಿದವರಲ್ಲಿ ಅಮೆರಿಕದ ಲೆನಾರ್ಡ್ ಎಪ್‌ಸ್ಟೈನ್ ಪ್ರಮುಖರು. ಅವರು ಮಕ್ಕಳನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ಎಲ್ಲರಿಗೂ ಆಹಾರ, ವ್ಯಾಯಾಮಗಳ ಬಗ್ಗೆ ಒಂದೇ ಬಗೆಯ ಶಿಕ್ಷಣ ಕೊಟ್ಟರು. ಮೊದಲ ಗುಂಪಿನಲ್ಲಿ, ಅಭ್ಯಾಸವನ್ನು ತಿದ್ದಿಕೊಂಡುದಕ್ಕೆ ಮಗುವಿಗೂ ಪಾಲಕರಿಗೂ ಪ್ರೋತ್ಸಾಹ ದೊರೆಯಿತು; ಎರಡನೆಯದರಲ್ಲಿ ಮಗುವಿಗೆ ಮಾತ್ರ; ಮೂರನೆಯದರಲ್ಲಿ ಕೇವಲ ಹಾಜರಿಗಾಗಿ. ಹತ್ತು ವರ್ಷಗಳ ಫಲವು 1990ರಲ್ಲಿ ಪ್ರಕಟವಾಯಿತು. ಇರಬೇಕಾದ ತೂಕಕ್ಕಿಂತ ಹೆಚ್ಚಾಗಿದ್ದ ಶೇಕಡಾ ಪ್ರಮಾಣವು ಮೊದಲ ಗುಂಪಿನಲ್ಲಿ ಸರಾಸರಿ 7.5ರಷ್ಟು ಇಳಿದಿತ್ತು, ಎರಡನೆಯದರಲ್ಲಿ 4.5ರಷ್ಟೂ ಮೂರನೆಯದರಲ್ಲಿ 14.3ರಷ್ಟೂ ಏರಿತ್ತು. ಪಾಠ ಒಂದೇ, ಫಲ ಮಾತ್ರ ಬೇರೆ.

ಆದರೆ ಇಂತಹ ಚಿಕಿತ್ಸೆ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ದೊರೆಯುವುದಾದರೆ ಎಷ್ಟು ಮನೆಗಳನ್ನು ಮುಟ್ಟೀತು? ಅಮೆರಿಕದ ನಾಲ್ಕು ನಗರಗಳಲ್ಲಿ 6ರಿಂದ 12 ವರ್ಷದ 452 ಮಕ್ಕಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗವು ಇದಕ್ಕೆ ಉತ್ತರ ಕೊಟ್ಟಿತು. ಅಲ್ಲಿ ಚಿಕಿತ್ಸೆ ನಡೆದುದು ಮಕ್ಕಳನ್ನು ನಿತ್ಯವೂ ನೋಡುವ ವೈದ್ಯರ ಚಿಕಿತ್ಸಾಲಯಗಳಲ್ಲೇ. ನಡೆಸಿದವರು ತರಬೇತಿ ಪಡೆದ ಮಾರ್ಗದರ್ಶಕರು. ಎರಡು ವರ್ಷಗಳ ಕೊನೆಯಲ್ಲಿ ಈ ಮಕ್ಕಳ ಸ್ಥಿತಿ ಸಾಮಾನ್ಯ ಉಪಚಾರ ಪಡೆದವರಿಗಿಂತ ಉತ್ತಮವಾಗಿತ್ತು. ಪಾಲಕರ ತೂಕವೂ ಇಳಿದಿತ್ತು. ಚಿಕಿತ್ಸೆಗೆ ಸೇರದೆಯೇ ಮನೆಯಲ್ಲಿದ್ದ ಒಡಹುಟ್ಟಿದವರಿಗೂ ಪ್ರಯೋಜನವಾಗಿತ್ತು! ನಮ್ಮ ಬಡಾವಣೆಗಳ ಮಕ್ಕಳ ವೈದ್ಯರೂ ‘ನಮ್ಮ ಕ್ಲಿನಿಕ್’ಗಳೂ ಇಂತಹ ಕೆಲಸಕ್ಕೆ ತಕ್ಕ ತಾಣಗಳು.

ವಿಧಾನದಲ್ಲಿ ಗುಟ್ಟೇನೂ ಇಲ್ಲ. ತಿನಿಸುಗಳನ್ನು ರಸ್ತೆಯ ದೀಪಗಳಂತೆ ಮೂರು ಬಣ್ಣಗಳಾಗಿ ವಿಂಗಡಿಸುತ್ತಾರೆ. ಸೌತೆಕಾಯಿ, ಸೊಪ್ಪು, ತರಕಾರಿಗಳು ಹಸಿರು. ಮುದ್ದೆ, ಅನ್ನ, ಅವರೆಕಾಳಿನ ಸಾರು ಹಳದಿ, ಅಂದರೆ ಹಿತಮಿತವಾಗಿ ಉಣ್ಣತಕ್ಕವು. ಬೋಂಡ, ಚಿಪ್ಸ್, ಸಿಹಿ ಪಾನೀಯಗಳು ಕೆಂಪು. ಕೆಂಪು ತಿನಿಸನ್ನು ಬಚ್ಚಿಡುವುದಕ್ಕಿಂತ ಮನೆಗೆ ತರದಿರುವುದು ಮೇಲು. ತಿಂದುದನ್ನೂ ಆಡಿದ ಹೊತ್ತನ್ನೂ ಮಗುವೂ ಪಾಲಕರೂ ದಿನಚರಿಯಲ್ಲಿ ಬರೆಯಬೇಕು. ಮೆಚ್ಚುಗೆಗೆ ಮಿಠಾಯಿಯ ಬದಲು ಒಟ್ಟಿಗೆ ಆಟ ಅಥವಾ ಕೆರೆಯ ದಂಡೆಯಲ್ಲಿ ನಡಿಗೆ. ದಿನಕ್ಕೆ 60 ನಿಮಿಷ ಮೈ ಬೆವರುವಂತಹ ಚಟುವಟಿಕೆ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಎರಡು ಎಚ್ಚರಿಕೆಗಳು ಅಗತ್ಯ. ಎತ್ತರ ಬೆಳೆಯದೆ ತೂಕ ಮಾತ್ರ ಏರುತ್ತಿದ್ದರೆ ಗ್ರಂಥಿಗಳ ದೋಷವಿರಬಹುದು. ವೈದ್ಯರ ಪರೀಕ್ಷೆ ಬೇಕು. ಎರಡನೆಯದಾಗಿ, ಹಂಗಿಸುವುದು ಚಿಕಿತ್ಸೆಯಲ್ಲ. ‘ಡುಮ್ಮ’ ಎಂದು ಕರೆಯಿಸಿಕೊಂಡ ಮಗು ಆಟದಿಂದ ಹಿಂಜರಿಯುತ್ತದೆ, ಕದ್ದು ತಿನ್ನಲು ಕಲಿಯುತ್ತದೆ.

ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿ ಹಲವರು ಇಂತಹ ಮನೆಗಳ ಅಣ್ಣಂದಿರು, ಅಕ್ಕಂದಿರು. ತಮ್ಮನ ತಟ್ಟೆಯನ್ನು ಆಕ್ಷೇಪಿಸುವ ಮೊದಲು ನಿಮ್ಮ ತಟ್ಟೆಗೂ ಅದನ್ನೇ ಬಡಿಸಿಕೊಳ್ಳಿ. ಸಂಜೆ ಅವನೊಡನೆ ಆಟಕ್ಕೆ ಹೊರಡಿ. ಮನೆಮಂದಿಯೆಲ್ಲ ಒಂದೇ ಪಥ್ಯವನ್ನು ಹಿಡಿದಾಗ ಅದು ಯಾರೊಬ್ಬರಿಗೂ ಶಿಕ್ಷೆಯೆನಿಸುವುದಿಲ್ಲ.